ತಮ್ಮನ ಚುಕ್ಕೆ ಎಲ್ಲಿದೆ ಅಂತ ಗ್ರೂಪಿಗೆ ಹಾಕಬಹುದಾ?

ಪ್ರಶ್ನೆ: ನನ್ನ ತಮ್ಮ ಅಮೆರಿಕದ ಆಸ್ಟಿನ್‌ನಲ್ಲಿದ್ದಾನೆ. ಐರನ್ ಬಟ್ ರ‍್ಯಾಲಿಯಲ್ಲಿ ಬೈಕ್ ಓಡಿಸಲು ಅವನಿಗೆ ಅವಕಾಶ ಸಿಕ್ಕಿದೆ. ಅದಕ್ಕೆ ಅಭ್ಯಾಸವಾಗಲಿ ಅಂತ ಮೊನ್ನೆ ಒಂದು ಚಿಕ್ಕ ರ‍್ಯಾಲಿಗೆ ಹೋಗಿದ್ದ. ಸ್ಯಾಟಲೈಟ್ ಟ್ರ್ಯಾಕರ್‌ನ ಲಿಂಕ್ ನನಗೆ ಕಳಿಸಿದ್ದ, ಅವನಿದ್ದ ಜಾಗ ನಕ್ಷೆಯ ಮೇಲೆ ಚುಕ್ಕೆಯಾಗಿ ಕಾಣುತ್ತಿತ್ತು. ನಾನು ಅದನ್ನು ನಮ್ಮ ಬಳಗದ ವಾಟ್ಸಾಪ್ ಗ್ರೂಪಿಗೆ ಹಾಕಿದೆ, 62 ಜನ ಇದ್ದೇವೆ. ಅಲ್ಲಿಂದ ಯಾರೋ ಫೇಸ್‌ಬುಕ್ಕಿಗೂ ಏರಿಸಿದರು. ತಮ್ಮನಿಗೆ ಕೆಟ್ಟ ಸಿಟ್ಟು. ಇತ್ತ ನಕ್ಷೆಯ ಮೇಲಿನ ಚುಕ್ಕೆ ಮೂರು ಗಂಟೆ ಕದಲದೆ ನಿಂತು, ಅಮ್ಮ ಊಟ ಬಿಟ್ಟು ಕೂತರು. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಇನ್ನೊಂದು ವಿಷಯ: ನಮ್ಮ ಯಜಮಾನರ ಬೈಕ್ ಕ್ಲಬ್ಬಿನವರು 24 ಗಂಟೆಯಲ್ಲಿ 1,610 ಕಿ.ಮೀ. ಸವಾರಿ ಇಟ್ಟುಕೊಂಡಿದ್ದಾರೆ. ಎಲ್ಲರ ಲೊಕೇಶನ್ನೂ ಒಂದೇ ಗ್ರೂಪಿನಲ್ಲಿ ಬರಲಿ ಅನ್ನುತ್ತಿದ್ದಾರೆ. ತಮ್ಮ ಆಗ ಊರಿಗೆ ಬರುವವನಿದ್ದಾನೆ, ತನ್ನ ಟ್ರ್ಯಾಕರನ್ನೂ ತರುತ್ತಾನಂತೆ. ಇದೆಲ್ಲ ಸರಿಯೆ?
ಓದುಗರು, ದಾವಣಗೆರೆ

ಉತ್ತರ: ನಿಮ್ಮ ತಮ್ಮನ ಸಿಟ್ಟು ನ್ಯಾಯವಾದದ್ದೇ. ಅವನು ಲಿಂಕ್ ಕೊಟ್ಟದ್ದು ನಿಮಗೆ, ಅದೂ ಒಂದು ಕೆಲಸಕ್ಕೆ: ತನಗೇನಾದರೂ ಆದರೆ ಗೊತ್ತಾಗಲಿ ಅಂತ. 62 ಜನರ ಕೈಗೆ ಹೋದ ಮೇಲೆ ಅದೇ ಲಿಂಕು ಬೇರೆಯೇ ಕೆಲಸ ಮಾಡತೊಡಗುತ್ತದೆ. ಅದು ಏನೇನು ಅನ್ನುವುದು ತಿಳಿಯಬೇಕಾದರೆ ಮೊದಲು ಆ ರ‍್ಯಾಲಿ ನಡೆಯುವ ರೀತಿ ತಿಳಿಯಬೇಕು.

ಐರನ್ ಬಟ್ ರ‍್ಯಾಲಿ ಶುರುವಾದದ್ದು 1984ರಲ್ಲಿ. ಈಗ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳಲ್ಲಿ ನಡೆಯುತ್ತದೆ. 11 ದಿನದ ಪಂದ್ಯ. ಮುಂಚೂಣಿಯಲ್ಲಿ ಮುಗಿಸುವವರು ಹೆಚ್ಚುಕಡಿಮೆ 11,000 ಮೈಲಿ, ಅಂದರೆ 17,700 ಕಿ.ಮೀ. ಓಡಿಸಿರುತ್ತಾರೆ. ಮೊದಲು ಬಂದವರು ಗೆದ್ದರು ಅನ್ನುವ ಲೆಕ್ಕ ಇಲ್ಲಿಲ್ಲ. ಹೊರಡುವ ಸ್ವಲ್ಪ ಮುಂಚೆ ಸವಾರರ ಕೈಗೆ ಒಂದು ಪುಸ್ತಕ ಬರುತ್ತದೆ. ದೇಶದ ಉದ್ದಗಲಕ್ಕೂ ಹರಡಿದ ಸ್ಥಳಗಳು, ಒಂದೊಂದಕ್ಕೂ ಇಂತಿಷ್ಟು ಅಂಕ, ಕೆಲವಕ್ಕೆ ಇಂಥ ಹೊತ್ತಿನಲ್ಲೇ ತಲುಪಬೇಕೆಂಬ ಕಟ್ಟುಪಾಡು. ಸ್ಥಳ ಮುಟ್ಟಿ, ರ‍್ಯಾಲಿಯ ಬಾವುಟ ಹಿಡಿದು ಫೋಟೊ ತೆಗೆದರೆ ಅಂಕ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು, ಯಾವ ದಾರಿ, ಎಲ್ಲಿ ನಿದ್ದೆ ಎಂಬುದೆಲ್ಲ ಸವಾರನೇ ಕೂತು ಹೊಸೆಯಬೇಕು. ಅರ್ಧ ಪಂದ್ಯ ಗೆಲ್ಲುವುದು ಆ ಒಂದು ರಾತ್ರಿಯ ಲೆಕ್ಕಾಚಾರದಲ್ಲಿ.

ಹಾಗಾಗಿ ಚುಕ್ಕೆ ತೋರಿಸುವುದು ಅಂದರೆ ಅವನ ಕೈಯ ಇಸ್ಪೀಟಿನ ಎಲೆ ತೋರಿಸಿದಂತೆ. ಒಂದು ಉದಾಹರಣೆ ನೋಡಿ. ಫ್ಲಾರಿಡಾದ ತುದಿಯಲ್ಲಿ ಕೀ ವೆಸ್ಟ್ ಅಂತ ಊರಿದೆ. ಅಲ್ಲಿಗೆ ನೆಲದ ಮೇಲೆ ಇರುವುದು ಒಂದೇ ದಾರಿ, ಸಮುದ್ರದ ನಡುವೆ ದ್ವೀಪದಿಂದ ದ್ವೀಪಕ್ಕೆ ಸೇತುವೆ ಹಾರುತ್ತ ಹೋಗುವ ಸುಮಾರು 180 ಕಿ.ಮೀ. ಹೆದ್ದಾರಿ. ಹೋದವನು ಅದರಲ್ಲೇ ವಾಪಸ್ ಬರಬೇಕು. ಅಲ್ಲಿ ದೊಡ್ಡ ಅಂಕದ ಸ್ಥಳವೊಂದಿದೆ ಅಂದುಕೊಳ್ಳಿ. ಚುಕ್ಕೆ ಆ ಸೇತುವೆಗಳ ಮೇಲೆ ಕಂಡರೆ ಸಾಕು: ಇವನು ಯಾವುದಕ್ಕೆ ಕೈ ಹಾಕಿದ್ದಾನೆ, ಇನ್ನು ಆರೇಳು ಗಂಟೆ ಎಲ್ಲಿರುತ್ತಾನೆ, ಪಶ್ಚಿಮದ ಯಾವ ಸ್ಥಳಗಳನ್ನು ಕೈಬಿಟ್ಟಿದ್ದಾನೆ ಎಂದು ಎದುರಾಳಿಯ ಕಡೆಯವರು ಲೆಕ್ಕ ಹಾಕಬಹುದು. 'ಫ್ಲಾರಿಡಾದಲ್ಲಿದ್ದಾನೆ' ಅನ್ನುವ ಒಂದೇ ಪದದ ಪೋಸ್ಟೂ ಹೆಚ್ಚುಕಡಿಮೆ ಅಷ್ಟೇ ಹೇಳಿಬಿಡುತ್ತದೆ. ನೋಡುವವರು ಸವಾರರು ಎಲ್ಲಿದ್ದಾರೆಂದು ರ‍್ಯಾಲಿ ನಡೆಯುವಾಗ ಬಹಿರಂಗವಾಗಿ ಬರೆಯಬಾರದು ಅನ್ನುವುದು ಈ ಬಳಗದಲ್ಲಿ ಬಹಳ ಹಿಂದಿನಿಂದ ನಡೆದುಬಂದ ಮರ್ಯಾದೆ. ಲಿಂಕ್ ನೋಡಲು ಸಿಕ್ಕವರೂ ಬಾಯಿ ಬಿಡುವುದಿಲ್ಲ.

ಎರಡನೆಯ ತೊಂದರೆ ಅಭಿಮಾನಿಗಳದ್ದು. ಚುಕ್ಕೆ ತಮ್ಮೂರ ಹತ್ತಿರ ಬರುತ್ತಿದೆ ಎಂದು ಕಂಡವರು ಕಾಫಿ ಹಿಡಿದು ಸ್ಥಳದಲ್ಲಿ ಕಾಯುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ದಿನಕ್ಕೆ 1,600 ಕಿ.ಮೀ.; ಸರಾಸರಿ ಗಂಟೆಗೆ 90 ಅಂದರೂ ಸೀಟಿನ ಮೇಲೆಯೇ 18 ಗಂಟೆ ಹೋಯಿತು. ಉಳಿದ ಆರು ಗಂಟೆಯಲ್ಲಿ ಪೆಟ್ರೋಲ್, ಊಟ, ಫೋಟೊ, ನಿದ್ದೆ ಎಲ್ಲ ಆಗಬೇಕು. ಆರು ಕಡೆ ಹತ್ತತ್ತು ನಿಮಿಷ ಮಾತಾಡಿಸಿದರೆ ಒಂದು ಗಂಟೆ ಹೋಯಿತು. ಅದು ಕಡಿತವಾಗುವುದು ನಿದ್ದೆಯಲ್ಲೇ, ಬೇರೆಲ್ಲೂ ಅಲ್ಲ. ಎಂಟನೇ ದಿನದ ಒಂದು ಗಂಟೆ ನಿದ್ದೆ ಅಂದರೆ ಏನು ಅನ್ನುವುದು ದೂರ ಓಡಿಸಿದವರಿಗೆ ಗೊತ್ತು.

ಕಳ್ಳರ ವಿಷಯ ಬಿಡಿಸಿ ಹೇಳಬೇಕಿಲ್ಲ. 11 ದಿನ ಮನೆಯಲ್ಲಿ ಯಜಮಾನ ಇಲ್ಲ, ರಾತ್ರಿ ಎರಡರಿಂದ ಆರರವರೆಗೆ ಸಾಮಾನು ತುಂಬಿದ ಬೈಕು ಇಂಥ ಮೋಟೆಲ್ ಮುಂದೆ ನಿಂತಿದೆ ಅನ್ನುವುದನ್ನು ಮ್ಯಾಪಿನಲ್ಲಿ ಗುರುತು ಹಾಕಿ ಕೊಟ್ಟ ಹಾಗಾಗುತ್ತದೆ. ಒಬ್ಬಂಟಿ ಹೋಗುವ ಹೆಣ್ಣುಮಕ್ಕಳಿಗೆ ಈ ಕೊನೆಯದು ಇನ್ನೂ ದೊಡ್ಡ ಭಯ.

ಇನ್ನು ಅಮ್ಮ ಊಟ ಬಿಟ್ಟು ಕೂತ ವಿಷಯ. ಚುಕ್ಕೆ ನಿಲ್ಲಲು ಹತ್ತು ಕಾರಣಗಳಿವೆ, ಅಪಘಾತ ಅದರಲ್ಲಿ ಒಂದು ಮಾತ್ರ. ಸ್ಪಾಟ್ ಎಂಬ ಹೆಸರಿನ ಟ್ರ್ಯಾಕರ್ ಆದರೆ ಅದರ ಸುದ್ದಿ ಏಕಮುಖ: ಸಾಧನ ಆಕಾಶಕ್ಕೆ ಕೂಗುತ್ತದೆ, ಉಪಗ್ರಹಕ್ಕೆ ಕೇಳಿತೇ ಇಲ್ಲವೇ ಅದಕ್ಕೆ ತಿಳಿಯದು. ಪೆಟ್ರೋಲ್ ಬಂಕಿನ ಚಾವಣಿ, ಎತ್ತರದ ಕಟ್ಟಡಗಳ ಸಾಲು, ಕಣಿವೆ, ಸಾಧನದ ಮೇಲೆ ಹೊದ್ದ ಒದ್ದೆ ಜಾಕೆಟ್, ಇವು ಯಾವುದಿದ್ದರೂ ಒಂದೆರಡು ಚುಕ್ಕೆ ತಪ್ಪುತ್ತವೆ. ಕೆಲವು ಮಾದರಿಗಳು ಬೈಕ್ ಅಲುಗದಿದ್ದರೆ ತಾವೇ ಸುಮ್ಮನಾಗುತ್ತವೆ. ಇನ್ನು ಕೆಲವದರಲ್ಲಿ 24 ಗಂಟೆಗೊಮ್ಮೆ ಗುಂಡಿ ಒತ್ತಿ ಮತ್ತೆ ಶುರು ಮಾಡಬೇಕು, ಸವಾರನಿಗೆ ಮರೆತಿರುತ್ತದೆ. ನಾಲ್ಕು ಟ್ರಿಪಲ್ ಎ ಲಿಥಿಯಂ ಸೆಲ್ ಹಾಕಬೇಕಾದ ಕಡೆ ಮಾಮೂಲಿ ಸೆಲ್ ಹಾಕಿದರೆ ಅರ್ಧ ದಾರಿಗೇ ಮಲಗುತ್ತದೆ. ಗಾರ್ಮಿನ್ ಇನ್‌ರೀಚ್ ಎಂಬ ಇನ್ನೊಂದು ಟ್ರ್ಯಾಕರ್ ಎರಡೂ ಕಡೆ ಮಾತಾಡುತ್ತದೆ. ಅದರಲ್ಲಿ ಚುಕ್ಕೆಗಳು ಒಂದಷ್ಟು ಹೊತ್ತು ಬಾಕಿ ಉಳಿದು, ಆಕಾಶ ತೆರೆದ ಮೇಲೆ ಒಟ್ಟಿಗೆ ಬರುವುದುಂಟು.

ಎಲ್ಲಕ್ಕಿಂತ ಸಾಮಾನ್ಯ ಕಾರಣ ಗಡಿಯಾರ. ಬೇಸಿಗೆಯಲ್ಲಿ ಆಸ್ಟಿನ್ ನಮಗಿಂತ ಹತ್ತೂವರೆ ಗಂಟೆ ಹಿಂದೆ. ದಾವಣಗೆರೆಯಲ್ಲಿ ಮಧ್ಯಾಹ್ನ ಮೂರು ಅಂದರೆ ಅಲ್ಲಿ ಬೆಳಗಿನ ಜಾವ ನಾಲ್ಕೂವರೆ. ಅವನು ಕ್ಯಾಲಿಫೋರ್ನಿಯಾ ಕಡೆ ಹೋಗಿದ್ದರೆ ಇನ್ನೂ ಎರಡು ಗಂಟೆ ಹಿಂದೆ, ಅಂದರೆ ರಾತ್ರಿ ಎರಡೂವರೆ. ನೀವು ಮೂರು ಗಂಟೆ ನೋಡಿದ ಆ ಕದಲದ ಚುಕ್ಕೆ ಬಹುಪಾಲು ನಿಮ್ಮ ತಮ್ಮನ ನಿದ್ದೆ. ದೂರದ ಸವಾರರು ರಸ್ತೆ ಬದಿಯ ಬೆಂಚಿನ ಮೇಲೆ, ಬೈಕಿನ ಪಕ್ಕದ ಹುಲ್ಲಿನ ಮೇಲೆ ಮಲಗಿಬಿಡುತ್ತಾರೆ, ಹಾಗಾಗಿ ಚುಕ್ಕೆ ಊರಿಲ್ಲದ ಕಡೆ ನಿಂತಿದ್ದರೂ ಆಶ್ಚರ್ಯವಿಲ್ಲ. ಆಗ 62 ಜನರಲ್ಲಿ ಹತ್ತು ಜನ ಫೋನ್ ಮಾಡಿದರೆ ಎಬ್ಬಿಸಿದ ಹಾಗೆ. ಓಡಿಸುತ್ತಿದ್ದರೆ ಇನ್ನೂ ಕೆಟ್ಟದ್ದು, ಬ್ಲೂಟೂತ್ ಮೂಲಕ ಹೆಲ್ಮೆಟ್ಟಿನೊಳಗೇ ಗಂಟೆ ಬಾರಿಸುತ್ತದೆ.

ಈಗ ಮಾಡಬೇಕಾದದ್ದು. ಹಳೆಯ ಲಿಂಕ್ ಸತ್ತಿತು ಅಂದುಕೊಳ್ಳಿ. ಗ್ರೂಪಿನಿಂದ ಅಳಿಸಿದರೂ ಯಾರ ಫೋನಿನಲ್ಲಿ ಉಳಿದಿದೆಯೋ ತಿಳಿಯದು. ತಮ್ಮ ಹೊಸ ಪುಟ ತೆರೆದು, ಪಾಸ್‌ವರ್ಡ್ ಹಾಕಿ ಮೂವರಿಗೆ ಮಾತ್ರ ಕೊಡಲಿ: ಅಮೆರಿಕದಲ್ಲೇ ಇರುವ ಒಬ್ಬರು, ಊರಿನಿಂದ ನೀವು, ಮತ್ತು ರ‍್ಯಾಲಿ ನಡೆಸುವವರು. ಬೇರೆ ಬೇರೆ ಟ್ರ್ಯಾಕರ್‌ಗಳ ಚುಕ್ಕೆಗಳನ್ನು ಒಂದೇ ನಕ್ಷೆಗೆ ತರಲು ಅಲ್ಲಿನವರು ಹೆಚ್ಚಾಗಿ ಬಳಸುವುದು ಸ್ಪಾಟ್‌ವಾಲಾ ಎಂಬ ಸೇವೆ. ಗಾರ್ಮಿನ್‌ನಲ್ಲಿ ಮ್ಯಾಪ್‌ಶೇರ್ ಅನ್ನುವ ಪುಟವಿದೆ. ಅದಕ್ಕೂ ಪಾಸ್‌ವರ್ಡ್ ಹಾಕಬಹುದು. ಪಾಸ್‌ವರ್ಡ್ ಜತೆಗೆ ನೋಡುಗರು ಸಂದೇಶ ಕಳಿಸುವ, 'ಈಗ ಎಲ್ಲಿದ್ದೀಯ' ಎಂದು ಸಾಧನವನ್ನೇ ಕೇಳುವ ಸೌಲಭ್ಯಗಳನ್ನೂ ಆಫ್ ಮಾಡಿಬಿಡಲಿ. ಇಲ್ಲದಿದ್ದರೆ ಸೋದರತ್ತೆಯ ಶುಭಾಶಯವೆಲ್ಲ ಉಪಗ್ರಹದಿಂದ ಇಳಿಯುತ್ತ, ಬ್ಯಾಟರಿಯನ್ನೂ ದುಡ್ಡನ್ನೂ ತಿನ್ನುತ್ತದೆ.

ಚುಕ್ಕೆ ನಿಂತರೆ ಯಾರು ಏನು ಮಾಡಬೇಕು ಅನ್ನುವುದನ್ನು ಹೊರಡುವ ಮುಂಚೆಯೇ ಕಾಗದದ ಮೇಲೆ ಬರೆದಿಡಿ. ಮೊದಲ ಒಂದು ಗಂಟೆ ಏನೂ ಇಲ್ಲ. ಅಲ್ಲಿನ ಗಂಟೆ ಎಷ್ಟು, ಹಿಂದಿನ ರಾತ್ರಿ ಮಲಗಿದ್ದನೇ, ಚುಕ್ಕೆ ರಸ್ತೆಯ ಮೇಲಿದೆಯೇ ಪಕ್ಕದಲ್ಲಿದೆಯೇ ನೋಡಿ. ಆಮೇಲೆ ಅಮೆರಿಕದಲ್ಲಿರುವವರಿಗೆ ಒಂದು ಸಂದೇಶ. ಅವರಿಗೂ ಕಾರಣ ತಿಳಿಯದಿದ್ದರೆ ಅವರು ರ‍್ಯಾಲಿಯವರ ತುರ್ತು ನಂಬರಿಗೆ ಮಾಡಲಿ. ಪೊಲೀಸರವರೆಗೆ ಹೋಗುವುದು ಅದಾದ ಮೇಲೆ. ಇಲ್ಲಿ ಹಲವರು ಎಡವುವ ಒಂದು ಅಂಶವಿದೆ: ದಾವಣಗೆರೆಯಿಂದ 911 ಒತ್ತಿದರೆ ಅಮೆರಿಕದ ತುರ್ತು ಸೇವೆಗೆ ಹೋಗುವುದಿಲ್ಲ. ಆಯಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪೊಲೀಸ್ ಅಧಿಕಾರಿ ಶೆರಿಫ್ ಅವರ ಕಚೇರಿಯ ಹತ್ತಂಕಿಯ ಮಾಮೂಲಿ ನಂಬರ್ ಹುಡುಕಿ, ಮುಂದೆ +1 ಹಾಕಿ ಮಾಡಬೇಕು. ಈ ಕೆಲಸ ಅಲ್ಲಿರುವವರೇ ಮಾಡುವುದು ಮೇಲು ಅನ್ನುವುದು ಇದಕ್ಕೇ. ಸಾಧನದ ಎಸ್‌ಓಎಸ್ ಗುಂಡಿ ಒತ್ತಿದ್ದರೆ ಮಾತ್ರ ಈ ಕಾಯುವಿಕೆ ಯಾವುದೂ ಇಲ್ಲ. ಆ ಸುದ್ದಿ ನೇರವಾಗಿ ತುರ್ತು ಕೇಂದ್ರಕ್ಕೆ ಹೋಗಿ, ಅವನು ಬರೆದುಕೊಟ್ಟ ನಂಬರುಗಳಿಗೆ ಫೋನು ಬರುತ್ತದೆ. ಆ ನಂಬರುಗಳಲ್ಲಿ ರಾತ್ರಿ ಫೋನ್ ಆರಿಸಿ ಮಲಗುವವರು ಇರದಿರಲಿ.

ಗ್ರೂಪಿಗೆ ದಿನಕ್ಕೊಂದು ಸಾಲು ಸಾಕು: 'ಇವತ್ತು ಬೆಳಿಗ್ಗೆ ಸುದ್ದಿ ಬಂತು, ಚೆನ್ನಾಗಿದ್ದಾನೆ.' ರಾಜ್ಯದ ಹೆಸರು ಬೇಡ, ಎಷ್ಟು ಮೈಲಿ ಓಡಿಸಿದ ಎಂಬುದೂ ಬೇಡ. ಫೋಟೊ ಬಂದರೆ ಮುಗಿಯುವವರೆಗೆ ನಿಮ್ಮಲ್ಲೇ ಇರಲಿ. ಫೋಟೊ ಅಂದಾಗ ಇನ್ನೊಂದು: ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದರೊಳಗೆ ಹುದುಗಿದ ಜಾಗದ ವಿವರ ಕಳಚಿಹೋಗುತ್ತದೆ. 'ಕ್ವಾಲಿಟಿ ಹಾಳಾಗುತ್ತೆ' ಅಂತ ಡಾಕ್ಯುಮೆಂಟ್ ಎಂದು ಕಳಿಸಿದರೆ ಅದೂ ಜತೆಗೇ ಹೋಗುತ್ತದೆ. ಅದು ಕಳಚಿದರೂ ಹಿಂದೆ ಕಾಣುವ ಬೋರ್ಡು ಎಲ್ಲವನ್ನೂ ಹೇಳುತ್ತದಲ್ಲ.

ಮನೆಯ ಜಾಗ ಮುಚ್ಚಲು ಬಹಳ ಜನ ನಂಬುವುದು ಆ್ಯಪ್‌ಗಳ 'ಗುಪ್ತ ವಲಯ'. ಮನೆಯ ಸುತ್ತ ಒಂದು ವೃತ್ತ, ಅದರೊಳಗಿನ ಚುಕ್ಕೆ ಕಾಣದು. ಇದರ ಮೇಲೆ ಅಷ್ಟು ಭರವಸೆ ಬೇಡ. ಮನೆಯೇ ವೃತ್ತದ ಕೇಂದ್ರವಾಗಿದ್ದರೆ, ಮೂರು ಬೇರೆ ಬೇರೆ ದಾರಿಯಲ್ಲಿ ಹೋದ ಮೂರು ಸವಾರಿಗಳ ಗೆರೆ ವೃತ್ತದ ಅಂಚಿನ ಮೂರು ಕಡೆ ತುಂಡಾಗುತ್ತದೆ. ಆ ಮೂರು ತುದಿಗಳನ್ನು ಗೆರೆಯಿಂದ ಸೇರಿಸಿ, ಎರಡು ಗೆರೆಗಳ ಲಂಬ ಸಮದ್ವಿಭಾಜಕ ಎಳೆದರೆ ಅವು ಕೂಡುವುದು ಕೇಂದ್ರದಲ್ಲಿ. ಎಸ್ಸೆಸ್ಸೆಲ್ಸಿ ಮಕ್ಕಳ ಕೈವಾರ ಸಾಕು, ಹ್ಯಾಕರ್ ಬೇಕಿಲ್ಲ. ವೃತ್ತ ಹಾಕುವುದಾದರೆ ಕೇಂದ್ರವನ್ನು ಮನೆಯಿಂದ ಒಂದೆರಡು ಕಿಲೋಮೀಟರ್ ಸರಿಸಿ, ತ್ರಿಜ್ಯವನ್ನು 5 ಕಿ.ಮೀ. ಇಡಿ. ಅದಕ್ಕಿಂತ ಸರಳವಾದದ್ದು: ಮನೆಯಿಂದ ಆರೇಳು ಕಿಲೋಮೀಟರ್ ಆಚೆಯ ಬಂಕಿನಲ್ಲಿ ಟ್ರ್ಯಾಕರ್ ಹಚ್ಚುವುದು, ಬರುವಾಗ ಬೇರೊಂದು ಬಂಕಿನಲ್ಲಿ ಆರಿಸುವುದು. ಪ್ರಮಾಣಪತ್ರಕ್ಕಾಗಿ ಓಡಿಸುವ ಸವಾರಿಯ ಲೆಕ್ಕ ಹೇಗೂ ಪೆಟ್ರೋಲ್ ರಸೀದಿಯಿಂದ ಶುರುವಾಗುವುದರಿಂದ ಏನೂ ನಷ್ಟವಿಲ್ಲ.

ಇದು ನಿಮ್ಮ ಯಜಮಾನರ ಕ್ಲಬ್ಬಿಗೂ ಹೊಂದುತ್ತದೆ. 1,610 ಕಿ.ಮೀ. ಅಂದರೆ ಸಾವಿರ ಮೈಲಿ, ಐರನ್ ಬಟ್ ಸಂಘ ಪ್ರಮಾಣಪತ್ರ ಕೊಡುವ ಸ್ಯಾಡಲ್‌ಸೋರ್ ಸವಾರಿಯ ಅಳತೆ. ಇಲ್ಲಿ ಗುಟ್ಟಿನ ಸ್ಥಳಗಳಿಲ್ಲ, ಹೆದ್ದಾರಿ 48 ಹಿಡಿದು ಹೋಗುತ್ತಾರೆ ಎಂದು ಊರಿಗೆಲ್ಲ ಗೊತ್ತು. ಹಾಗಂತ ಲೊಕೇಶನ್ ಬೀದಿಗೆ ಹಾಕಬೇಕೆಂದೇನಿಲ್ಲ. ಒಂದೇ ಗ್ರೂಪಿನಲ್ಲಿ ಎಲ್ಲರ ಲೈವ್ ಲೊಕೇಶನ್ ಅನ್ನುವುದು ಮೂರು ಕಾರಣಕ್ಕೆ ಕೆಟ್ಟ ಏರ್ಪಾಡು. ವಾಟ್ಸಾಪಿನ ಲೈವ್ ಲೊಕೇಶನ್ ಹೆಚ್ಚೆಂದರೆ 8 ಗಂಟೆ. 24 ಗಂಟೆಯಲ್ಲಿ ಎರಡು ಸಲ, ಅದೂ ಒಂದು ಸಲ ಕಣ್ಣು ಎಳೆಯುವ ನಡುರಾತ್ರಿ, ಬೈಕ್ ನಿಲ್ಲಿಸಿ ಮತ್ತೆ ಹಚ್ಚಬೇಕು. ಗ್ರೂಪಿನಲ್ಲಿರುವ ಪ್ರತಿಯೊಬ್ಬರಿಗೂ ಕಾಣುತ್ತದೆ, ಬೇಕಾದವರಿಗೆ ಮಾತ್ರ ತೋರಿಸುವ ಅನುಕೂಲ ಅದರಲ್ಲಿಲ್ಲ. ಮೂರನೆಯದು, ಎಲ್ಲರೂ ನೋಡುತ್ತಿದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ. ರಾತ್ರಿ ಮೂರಕ್ಕೆ ಒಂದು ಚುಕ್ಕೆ ನಿಂತರೆ 'ಬೇರೆಯವರು ನೋಡಿರುತ್ತಾರೆ' ಎಂದು ಎಲ್ಲರೂ ಮಲಗಿರುತ್ತಾರೆ.

ಇದರ ಬದಲು ಇಬ್ಬರು ಕಾವಲಿನವರನ್ನು ಹೆಸರಿಸಿ, ಆರಾರು ಗಂಟೆ ಪಾಳಿ. ಸವಾರರು ಲೈವ್ ಲೊಕೇಶನ್ ಕಳಿಸುವುದು ಆ ಇಬ್ಬರಿಗೆ ಮಾತ್ರ, ಒಬ್ಬೊಬ್ಬರಾಗಿ. ಅದರ ಮೇಲೆ ಪ್ರತಿ ಪೆಟ್ರೋಲ್ ನಿಲುಗಡೆಯಲ್ಲಿ ಒಂದು ಪದ: 'ಹೊರಟೆ'. ನೆಟ್‌ವರ್ಕ್ ಹೋಗುವ ಕಡೆ ಆ ಪದವೇ ನಂಬಿಕೆಯ ಚುಕ್ಕೆ. ನಿರೀಕ್ಷಿಸಿದ ಹೊತ್ತಿಗಿಂತ 45 ನಿಮಿಷ ತಡವಾದರೆ ಒಂದು ಕರೆ, 90 ನಿಮಿಷವಾದರೆ ಹಿಂದೆ ಮುಂದೆ ಇರುವ ಸವಾರರಿಗೆ ಕರೆ, ಆಮೇಲೆ 112, ಹೆದ್ದಾರಿಯ ನೆರವಿಗೆ 1033. ಜಾಕೆಟ್ಟಿನ ಎದೆ ಜೇಬಿನಲ್ಲಿ ರಕ್ತದ ಗುಂಪು, ಔಷಧದ ಅಲರ್ಜಿ, ಕಾವಲಿನವರ ನಂಬರು ಇರುವ ಚೀಟಿ ಇರಲಿ. ಬಿದ್ದ ಸವಾರನ ಫೋನಿನ ಲಾಕ್ ತೆಗೆಯಲು ಯಾರಿಗೂ ಬರುವುದಿಲ್ಲ.

ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಹೆಸರು ನೋಂದಾಯಿಸುವಾಗಲೇ ಅರ್ಧ ಪುಟದಲ್ಲಿ ಬರೆದು ಸಹಿ ತೆಗೆದುಕೊಳ್ಳಿ: ಲೊಕೇಶನ್ ಯಾರು ನೋಡುತ್ತಾರೆ, ಯಾವ ಗಂಟೆಯಿಂದ ಯಾವ ಗಂಟೆಯವರೆಗೆ, ಯಾವುದಕ್ಕೆ, ಯಾವತ್ತು ಅಳಿಸುತ್ತಾರೆ. ಅಳಿಸಲು ಮೂವತ್ತು ದಿನ ಸಾಕು, ದೂರು ದುಮ್ಮಾನ ಅಷ್ಟರಲ್ಲಿ ಮುಗಿದಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಇದನ್ನೇ: ಒಪ್ಪಿಗೆ ಹೇಳಿದ ಉದ್ದೇಶಕ್ಕೆ ಮಾತ್ರ, ಕೊಟ್ಟಷ್ಟೇ ಸಲೀಸಾಗಿ ವಾಪಸ್ ಪಡೆಯುವಂತೆಯೂ ಇರಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕ್ಲಬ್ಬಿನಲ್ಲಿ ಯಾರಾದರೂ 'ಇದೆಲ್ಲ ಫಾರಿನ್ ಚಾಳಿ' ಅಂದರೆ ನೆನಪಿಸಿ. ಮಧ್ಯದಲ್ಲಿ ಲೊಕೇಶನ್ ಆಫ್ ಮಾಡಿದ ಸವಾರನನ್ನು ಸವಾರಿಯಿಂದ ಕೈಬಿಡಬೇಡಿ, ಬಂಕಿನ 'ಹೊರಟೆ' ಒಂದನ್ನು ಮಾತ್ರ ಕಡ್ಡಾಯ ಮಾಡಿ.

ಚಿತ್ರದುರ್ಗ, ಹುಬ್ಬಳ್ಳಿ ಬೈಪಾಸಿನಲ್ಲಿ ಹಾರ ಹಿಡಿದು ಕಾಯುವವರನ್ನು ದಯವಿಟ್ಟು ತಡೆಯಿರಿ. ಹೆದ್ದಾರಿಯ ಪಕ್ಕ ಜನ ಸೇರಿದರೆ ಅಪಾಯ ಲಾರಿಗಳಿಂದ. ಸನ್ಮಾನ ಮಾರನೆಯ ದಿನ ಊರಲ್ಲೇ ಇಟ್ಟುಕೊಳ್ಳಿ.

ಮುಗಿದ ಮೇಲಿನ ದಾಖಲೆಯನ್ನು ಯಾರೂ ಯೋಚಿಸುವುದಿಲ್ಲ. ಓಡಿಸಿದ ದಾರಿಯ ಜಿಪಿಎಕ್ಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಬರೀ ಅಕ್ಷರ. ಪ್ರತಿ ಚುಕ್ಕೆಗೂ ಅಕ್ಷಾಂಶ, ರೇಖಾಂಶ, ಹೊತ್ತು. 14.4644 ಎಂದು ನಾಲ್ಕು ದಶಾಂಶ ಇದ್ದರೆ 11 ಮೀಟರ್ ನಿಖರ, ಅಂದರೆ ಯಾರ ಗೇಟು ಎಂದು ಹೇಳುವಷ್ಟು. 14.46 ಮಾಡಿದರೆ ಸುಮಾರು 1.1 ಕಿ.ಮೀ., ಬಡಾವಣೆ ತಿಳಿಯುತ್ತದೆ, ಮನೆ ತಿಳಿಯದು. ಹೊತ್ತಿನ ಸಾಲು ಇನ್ನೊಂದು ಪೀಕಲಾಟ. ಹತ್ತು ನಿಮಿಷದ ಅಂತರದ ಎರಡು ಚುಕ್ಕೆಗಳ ನಡುವೆ 20 ಕಿ.ಮೀ. ಇದ್ದರೆ ಸರಾಸರಿ ಗಂಟೆಗೆ 120. ಅದನ್ನು ನೀವೇ ಬರೆದು ಸಹಿ ಹಾಕಿ ಕೊಟ್ಟ ಹಾಗೆ. 2023ರ ಆಗಸ್ಟಿನಿಂದ ಬೈಕಿಗೆ ಪ್ರವೇಶವಿಲ್ಲದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ಪಥದ ಮೇಲೆ ಗೆರೆ ಹಾದುಹೋದರೂ ಅಷ್ಟೇ. ಕಾನೂನು ಮುರಿದು ಮುಚ್ಚಿಡಿ ಎಂದು ಹೇಳುತ್ತಿಲ್ಲ, ಹಾಗೆ ಓಡಿಸಿದ ಸವಾರಿಗೆ ಪ್ರಮಾಣಪತ್ರ ಕೇಳುವುದೇ ತಪ್ಪು. ಹಂಚಿಕೊಳ್ಳುವ ಪ್ರತಿಯಲ್ಲಿ ಮೊದಲ ಮತ್ತು ಕೊನೆಯ 10 ಕಿ.ಮೀ. ಕತ್ತರಿಸಿ, ಹೊತ್ತಿನ ಸಾಲುಗಳನ್ನು ತೆಗೆದು, ರಾತ್ರಿ ತಂಗಿದ ಜಾಗ ಅಳಿಸಿ ಕೊಡಿ. ಮೂಲ ಪ್ರತಿ ಸವಾರನ ಹತ್ತಿರ ಮಾತ್ರ ಇರಲಿ. ಪ್ರಮಾಣಪತ್ರಕ್ಕೆ ಜೋಡಿಸುವ ರಸೀದಿಗಳ ಫೋಟೊ ಹೆಮ್ಮೆಯಿಂದ ಸ್ಟೇಟಸ್‌ಗೆ ಹಾಕುವವರು ವಾಹನದ ನಂಬರು, ಯುಪಿಐ ಐಡಿ, ಮೊಬೈಲ್ ನಂಬರಿನ ಮೇಲೆ ಕಪ್ಪು ಬಳಿಯಲಿ. ಫೋನಿನ ಪಾರದರ್ಶಕ ಬ್ರಷ್ ಅಲ್ಲ, ಅದರಡಿ ಅಂಕಿ ಕಾಣುತ್ತದೆ.

ತಮ್ಮನ ಟ್ರ್ಯಾಕರ್ ವಿಷಯಕ್ಕೆ ಉತ್ತರ ಖಡಾಖಂಡಿತ: ತರಬಾರದು. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನನ್ನಾಗಲಿ ಇನ್‌ರೀಚ್‌ನಂಥ ಸಂದೇಶ ಸಾಧನವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಬೆಟ್ಟ ಹತ್ತಲು ಬಂದ ವಿದೇಶಿಯರನ್ನು ಇದೇ ಸಾಧನಕ್ಕಾಗಿ ವಿಮಾನ ನಿಲ್ದಾಣದಲ್ಲಿ ತಡೆಹಿಡಿದ ಪ್ರಸಂಗಗಳಾಗಿವೆ. ಬಳಸಲಿಲ್ಲ, ಪೆಟ್ಟಿಗೆಯಲ್ಲಿ ಸುಮ್ಮನಿತ್ತು ಅನ್ನುವ ಸಮಜಾಯಿಷಿ ನಡೆಯುವುದಿಲ್ಲ. ಬೈಕಿನ ಜಾಕೆಟ್ಟಿನ ಜೇಬಿನಲ್ಲಿ ಮರೆತು ಉಳಿಯುವುದು ಹೆಚ್ಚು, ಹಾಗಾಗಿ ಸಾಮಾನು ಕಟ್ಟುವಾಗ ಜೇಬುಗಳನ್ನೂ ಟ್ಯಾಂಕ್ ಬ್ಯಾಗನ್ನೂ ಒಮ್ಮೆ ಕೊಡವಿ ನೋಡಿ, ಸಾಧನವನ್ನು ಆಸ್ಟಿನ್ ಮನೆಯಲ್ಲೇ ಬಿಟ್ಟು ಬರಲು ಹೇಳಿ.